ನನ್ನನ್ನು ಬಾವಿಗೆ ಇಳಿಸಿದ ಅತ್ತೆ

ಹಸಿರು ಸೀರೆಯ ಕಚ್ಚೆಯನ್ನು ಮೊಣಕಾಲಿನ ಮೇಲಕ್ಕೆ ಬಿಗಿದು ಸಿಕ್ಕಿಸಿ, ಹಣೆಯ ತುಂಬ ಕುಂಕುಮ ಇಟ್ಟುಕೊಂಡು, ಬೆನ್ನಿಗೆ ಐದು ಲೀಟರಿನ ಖಾಲಿ ಎಣ್ಣೆ ಡಬ್ಬಿ ಕಟ್ಟಿಕೊಂಡು ನಮ್ಮತ್ತೆ ಬಾವಿಯ ಮೆಟ್ಟಿಲ ಮೇಲೆ ನಿಂತಿದ್ದರು. ಡಬ್ಬಿಗೆ ಸುತ್ತಿದ್ದು ಎಮ್ಮೆ ಕಟ್ಟುವ ಹಗ್ಗ. ಆಗ ಅವರ ವಯಸ್ಸು ಅರವತ್ತಕ್ಕೆ ಹತ್ತಿರ. ಇಬ್ಬರು ಸೊಸೆಯರನ್ನು ತಂದಾಗಿತ್ತು, ಮೊಮ್ಮಕ್ಕಳನ್ನು ಆಡಿಸಿಯಾಗಿತ್ತು, ಮುಂದಿನ ಎರಡು ಹಲ್ಲು ಹೋಗಿದ್ದವು. ಇನ್ನು ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳಬೇಕಾದ ಕಾಲದಲ್ಲಿ ಅವರು ಈಜು ಕಲಿಯಲು ಹೊರಟಿದ್ದರು. ತಾವೊಬ್ಬರೇ ಕಲಿಯುವುದಾಗಿದ್ದರೆ ನನ್ನದೇನೂ ತಕರಾರು ಇರಲಿಲ್ಲ. ನನ್ನನ್ನೂ ಎಳೆದುಕೊಂಡು ಬಂದಿದ್ದರು.

ಈ ಸಂಗತಿಯನ್ನು ತವರಿನಲ್ಲಿ ಹೇಳಿದಾಗ ನನ್ನ ಗೆಳತಿಯರು ಹೌಹಾರಿದ್ದರು. ಅತ್ತೆ, ಸೊಸೆ, ಬಾವಿ ಈ ಮೂರೂ ಒಂದೇ ಮಾತಿನಲ್ಲಿ ಬಂದರೆ ಜನಕ್ಕೆ ಪೊಲೀಸರ ನೆನಪಾಗುತ್ತದೆ. ನಮ್ಮ ಮನೆಯವರಿಗೆ ಮಾತ್ರ ನಗು ಬರುತ್ತದೆ.

ನನ್ನ ತವರು ಅಥಣಿಯಿಂದ ಪೂರ್ವಕ್ಕೆ, ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವ ಊರು. ಅಲ್ಲಿ ನಾನು ಕೊಡದ ನೀರು ನೋಡಿದ್ದೆ, ಬಕೀಟಿನ ನೀರು ನೋಡಿದ್ದೆ, ಅದಕ್ಕಿಂತ ದೊಡ್ಡ ನೀರನ್ನು ನೋಡಿದವಳಲ್ಲ. ಮದುವೆಯಾಗಿ ಬಂದದ್ದು ಅಂಕಲಿಯ ಹತ್ತಿರ, ಕೃಷ್ಣೆಯ ದಂಡೆಯ ಊರಿಗೆ. ಹಿತ್ತಲ ಬಾಗಿಲು ತೆಗೆದರೆ ಕಬ್ಬು, ಕಬ್ಬಿನ ಆಚೆ ಹೊಳೆ. ಮೊದಲ ಸಲ ಆ ಹೊಳೆಯನ್ನು ನೋಡಿದಾಗ ನನಗೆ ತಲೆ ತಿರುಗಿ, ಪಕ್ಕದಲ್ಲಿದ್ದ ಗಂಡನ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಹೊಸದಾಗಿ ಮದುವೆಯಾದ ಅವರು ಅದನ್ನು ಪ್ರೀತಿ ಎಂದುಕೊಂಡರು. ನಾನೂ ತಿದ್ದಲು ಹೋಗಲಿಲ್ಲ.

ನೀರೊಂದೇ ಅಲ್ಲ, ನನಗೆ ಎಲ್ಲದಕ್ಕೂ ಅಂಜಿಕೆಯಿತ್ತು. ಬಸ್ಸಿನ ಕಂಡಕ್ಟರನಿಗೆ ಚಿಲ್ಲರೆ ಕೇಳಲು ಅಂಜಿಕೆ, ಮನೆಯ ಫೋನು ರಿಂಗಾದರೆ ಎತ್ತಲು ಅಂಜಿಕೆ. ಹೊಸ ಮನೆಯಲ್ಲಿ ಸಾರಿಗೆ ಉಪ್ಪು ಹಾಕುವಾಗಲೂ ಅಂಗೈ ಚಾಚಿ "ಅತ್ತಿ, ಇಷ್ಟ ಹಾಕ್ಲ್ಯಾ?" ಎಂದು ತೋರಿಸುತ್ತಿದ್ದೆ. ಕೆಲವು ದಿನ ಸಹಿಸಿದ ಅತ್ತೆ ಒಮ್ಮೆ, "ನಿನ್ನ ನಾಲಿಗಿ ತವರಮನ್ಯಾಗ ಬಿಟ್ಟ ಬಂದೀಯೇನ ಬೇ? ಹಾಕು, ಉಣ್ಣು. ಹೆಚ್ಚಾದರ ನಾಳಿ ಕಡಿಮಿ ಹಾಕು" ಎಂದರು. ಅಂದಿನ ಸಾರು ಉಪ್ಪಾಯಿತು. ಮಾವ ಒಂದು ತುತ್ತು ಉಂಡು ಅತ್ತೆಯ ಮುಖ ನೋಡಿದರು. "ಉಣ್ರಿ, ನೀರ ಕುಡೀರಿ" ಎಂದರು ಅತ್ತೆ. ಮಾವ ಉಂಡರು, ನೀರು ಕುಡಿದರು. ಅವರ ಸಂಸಾರ ನಡೆದದ್ದೇ ಹಾಗೆ.

ಅತ್ತೆಗೆ ಗೊತ್ತಿಲ್ಲದ್ದನ್ನು ಕಂಡರೆ ಮೈಯೆಲ್ಲ ಕಣ್ಣು. ಹೊಲಕ್ಕೆ ಹೋದ ದಾರಿಯಲ್ಲಿ ಅವರು ಮನೆಗೆ ಹಿಂತಿರುಗಿದ್ದನ್ನು ನಾನು ಕಂಡಿಲ್ಲ. ಸುತ್ತಾದರೂ ಬೇರೆ ಬದುವು ಹಿಡಿದು ಬರುತ್ತಿದ್ದರು. ಕೇಳಿದರೆ, "ಹೋದ ದಾರ್ಯಾಗ ತಿರುಗಿ ಬರಾಕ ನಾ ಏನ ಗಾಣದ ಎತ್ತೇನ?" ಎನ್ನುತ್ತಿದ್ದರು. ಹಾರೂಗೇರಿಯ ಸಂತೆಯಲ್ಲಿ ಕೆಂಪು ಬಣ್ಣದ, ಮೈತುಂಬ ಎಸಳಿರುವ ಯಾವುದೋ ಹೊಸ ಹಣ್ಣು ಕಂಡರೆ ಮೊದಲು ಕೈಗೆತ್ತಿಕೊಂಡು, ಆಮೇಲೆ "ಇದನ್ನ ಹೆಂಗ ತಿಂತಾರಪಾ?" ಎಂದು ಕೇಳುವ ಪೈಕಿ. ಕಣ್ಣು ತೋರಿಸಲು ಒಬ್ಬರೇ ರೈಲು ಹತ್ತಿ ಮೀರಜಿಗೆ ಹೋಗಿ ಬರುತ್ತಿದ್ದರು. ಅವರಿಗೆ ಮರಾಠಿ ಅರ್ಧ ಬರುತ್ತಿತ್ತು, ಇನ್ನರ್ಧವನ್ನು ದನಿ ಏರಿಸಿ ತುಂಬಿಸುತ್ತಿದ್ದರು. ಪ್ರತಿ ಸಲವೂ ಯಾರೋ ಒಬ್ಬರ ಗೆಳೆತನ ಮಾಡಿಕೊಂಡು, ಅವರ ಮನೆಯ ಉಪ್ಪಿನಕಾಯಿಯ ಡಬ್ಬಿಯೊಂದಿಗೆ ತಿರುಗಿ ಬರುತ್ತಿದ್ದರು.

ಅಂಥವರಿಗೂ ಈಜು ಬರುತ್ತಿರಲಿಲ್ಲ. ನಮ್ಮ ಕಡೆ ಗಂಡುಹುಡುಗರು ಚಡ್ಡಿ ಹಾಕಲು ಕಲಿತೊಡನೆ ಬಾವಿಗೆ ಹಾರುತ್ತಾರೆ. ಹೆಂಗಸರು ಹೊಳೆಯ ದಂಡೆಯಲ್ಲಿ ಅರಿವೆ ಒಗೆಯುತ್ತಾರೆ, ಕಾಲು ತೊಳೆದುಕೊಳ್ಳುತ್ತಾರೆ, ಹಿಂಡಿದ ಅರಿವೆ ಹೊತ್ತು ಮನೆಗೆ ಬರುತ್ತಾರೆ. ಹೀಗೇಕೆ ಎಂದು ಯಾರೂ ಕೇಳಿದ್ದಿಲ್ಲ. ಅತ್ತೆಯೂ ಕೇಳಿರಲಿಲ್ಲ, ಹೊಳೆಯೇ ಮನೆಗೆ ಬರುವ ತನಕ.

ಆ ವರ್ಷ ಮಹಾರಾಷ್ಟ್ರದಲ್ಲಿ ಮಳೆ ಜೋರಾಗಿ, ಮೇಲಿನ ಡ್ಯಾಮಿನಿಂದ ನೀರು ಬಿಟ್ಟರು ಎಂಬ ಸುದ್ದಿ ಬಂದಾಗ ಗಂಡಸರು ದನಗಳನ್ನು ಹೊಡೆದುಕೊಂಡು ಚಿಕ್ಕೋಡಿಯ ಕಡೆಯ ಎತ್ತರಕ್ಕೆ ಹೋದರು. ಮನೆಯಲ್ಲಿ ಉಳಿದವರು ನಾವು ಹೆಂಗಸರು, ಮಕ್ಕಳು ಮತ್ತು ಮಾವ. ಮರುದಿನ ಬೆಳಿಗ್ಗೆ ಓಣಿಯೊಳಗೆ ನೀರು ನುಗ್ಗಿತು, ಅದರ ಹಿಂದೆಯೇ ದೋಣಿ ಬಂತು. ಎಲ್ಲರೂ ಹತ್ತಿದರು. ನನಗೆ ಮಾತ್ರ ಕಾಲು ಏಳಲಿಲ್ಲ. ಹೊಸ್ತಿಲ ಮೇಲೆ ಕೂತು ಬಾಗಿಲ ಚೌಕಟ್ಟನ್ನು ತಬ್ಬಿಕೊಂಡೆ. ದೋಣಿಯವರು ಕೂಗಿದರು, ಬೈದರು, ಕೊನೆಗೆ ಕೈಮುಗಿದರು. ನಾನು ಅಳುವುದೊಂದನ್ನು ಬಿಟ್ಟು ಬೇರೇನೂ ಮಾಡಲಿಲ್ಲ. ಒಂದು ಕಾಲನ್ನು ಆಗಲೇ ದೋಣಿಯೊಳಗೆ ಇಟ್ಟಿದ್ದ ಅತ್ತೆ ಅದನ್ನು ಹಿಂದಕ್ಕೆ ತೆಗೆದುಕೊಂಡರು. "ನೀವ ನಡೀರಿ. ನಾವಿಬ್ಬರೂ ಮುಂದಿನ ದೋಣ್ಯಾಗ ಬರ್ತೀವಿ" ಎಂದರು.

ಆ ಮುಂದಿನ ದೋಣಿ ಬರಲು ಮಧ್ಯಾಹ್ನ ಕಳೆಯಿತು. ಅಷ್ಟರಲ್ಲಿ ನೀರು ಅಡುಗೆಮನೆಯನ್ನು ಮುಚ್ಚಿ ಮಾಳಿಗೆಯ ಮೆಟ್ಟಿಲು ಹತ್ತುತ್ತಿತ್ತು. ನಾವಿಬ್ಬರೂ ಮಾಳಿಗೆಯ ಮೇಲೆ ಗೋಣಿಚೀಲ ಹೊದ್ದು ಕೂತಿದ್ದೆವು. ಅತ್ತೆ ಒಂದು ಮಾತೂ ಬಯ್ಯಲಿಲ್ಲ. ಮಡಿಲಲ್ಲಿದ್ದ ಶೇಂಗಾ ಸುಲಿದು, ಬೆಲ್ಲದ ಚೂರಿನ ಜೊತೆ ನನ್ನ ಕೈಗೆ ಹಾಕುತ್ತಲೇ ಇದ್ದರು. ಬಹಳ ಹೊತ್ತಿನ ಮೇಲೆ ಮೆಲ್ಲಗೆ, "ನೀ ಒಬ್ಬಾಕಿ ಅಂಜಿದರ ನಿನ್ನ ಕೂಡ ಇನ್ನೊಬ್ಬರು ಕೂಡ್ರಬೇಕಾಕ್ಕೈತಿ ನೋಡವಾ. ಇವತ್ತ ನಾ ಇದ್ದೆ. ಮುಂದ ಯಾರು?" ಎಂದರು. ಬಯ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಆ ಮಾತು ಎದೆಯೊಳಗೆ ಕೂತುಬಿಟ್ಟಿತು. ದೋಣಿ ಬಂದಾಗ ನನ್ನ ಕಣ್ಣಿಗೆ ಅರಿವೆ ಕಟ್ಟಿ, ಇಬ್ಬರು ಸೇರಿ ಸಕ್ಕರೆ ಚೀಲದ ಹಾಗೆ ಹೊತ್ತು ಹಾಕಿದರು.

ನೀರು ಇಳಿಯಿತು, ಗೋಡೆ ಒಣಗಿದವು, ಬೇಸಿಗೆ ಬಂತು. ಒಂದು ದಿನ ಅತ್ತೆ ಆಪಾ ಅವರನ್ನು ಕರೆದುಕೊಂಡು ಬಂದರು. ಎಲ್ಲರೂ ಆಪಾ, ಅಂದರೆ ಅಕ್ಕ, ಎನ್ನುವ ಅವರು ನಮ್ಮ ಹೊಲದ ನೆರೆಯ ಮುಸಲ್ಮಾನ ರೈತರ ಮನೆಯವರು, ಅತ್ತೆಗಿಂತ ಸ್ವಲ್ಪ ಕಿರಿಯರು. ಹುಡುಗಿಯಾಗಿದ್ದಾಗ ಅಣ್ಣಂದಿರ ಜೊತೆ ತವರಿನ ಹೊಳೆಯಲ್ಲಿ ಈಜಿದವರಂತೆ. ಮದುವೆಯಾಗಿ ಬಂದ ಮೇಲೆ ಆ ವಿಷಯವನ್ನು ಬಾಯಿಬಿಟ್ಟಿರಲಿಲ್ಲ. ಪ್ರವಾಹದ ನಂತರ ಮಾತಿಗೆ ಮಾತು ಬಂದು ಅತ್ತೆಯ ಮುಂದೆ ಹೇಳಿದ್ದೇ ತಪ್ಪಾಯಿತು, ಅತ್ತೆ ಅವರ ಬೆನ್ನು ಬಿಡಲಿಲ್ಲ.

ನಮ್ಮ ಹೊಲದ ಬಾವಿ ಕಲ್ಲು ಕಟ್ಟಿದ, ಮೆಟ್ಟಿಲುಗಳಿರುವ ದೊಡ್ಡ ಬಾವಿ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಗಂಡಸರು ಮನೆಗೆ ಹೋದಾಗ ನಾವು ಹೋಗುವುದೆಂದಾಯಿತು. ಮಾವನನ್ನು ಕಾವಲಿಗೆ ಹಾಕಿದರು. ಬೇವಿನ ಮರದಡಿ, ಬಾವಿಗೆ ಬೆನ್ನು ಮಾಡಿ, ದಾರಿಗೆ ಮುಖ ಮಾಡಿ ಅವರು ಕೂರಬೇಕು. "ಯಾರರ ಬಂದರ ಕೆಮ್ಮರಿ" ಎಂದು ಅತ್ತೆ ಹುಕುಂ ಮಾಡಿದರು. ಮಾವ ಅಲ್ಲಿಯೇ ಒಮ್ಮೆ ಕೆಮ್ಮಿ ತೋರಿಸಿದರು.

ಮೊದಲ ದಿನ ಅತ್ತೆ ಡಬ್ಬಿಯನ್ನು ತಾವೇ ಕಟ್ಟಿಕೊಂಡಿದ್ದರು, ಸೊಂಟದ ಹತ್ತಿರ. "ಅರೇ, ಇನ್ನೂ ಮ್ಯಾಲ ಕಟ್ಟಬೇಕ್ರಿ" ಎಂದು ಆಪಾ ಹೇಳುವುದರೊಳಗೆ ನೀರಿಗೆ ಬಿದ್ದಾಗಿತ್ತು. ಡಬ್ಬಿ ತೇಲಿತು, ಸೊಂಟ ತೇಲಿತು, ತಲೆ ಕೆಳಗೆ ಹೋಯಿತು. ಆಪಾ ಹಾರಿ ಹೋಗಿ ಅವರ ತುರುಬು ಹಿಡಿದು ಮೇಲೆತ್ತಿದರು. ಹಣೆಯ ಕುಂಕುಮ ಮೂಗಿನ ತುದಿಗೆ ಬಂದಿತ್ತು. ಕೆಮ್ಮಿ, ನೀರು ಉಗುಳಿ, ಉಸಿರು ತಿರುಗಿದೊಡನೆ ಅತ್ತೆ ನನ್ನತ್ತ ನೋಡಿ ಕೂಗಿದರು: "ಒಳಗ ತಣ್ಣಗ ಐತಿ ಬೇ, ಬಾ!"

ನಾನು ಹೋಗಲಿಲ್ಲ. ಎಷ್ಟೋ ದಿನ ಮೆಟ್ಟಿಲ ಮೇಲೆಯೇ ಕೂತಿದ್ದೆ. ಮೊದಲು ಪಾದ ಒದ್ದೆಯಾಯಿತು, ಆಮೇಲೆ ಮೊಣಕಾಲು. ಅತ್ತೆ ಅಷ್ಟರಲ್ಲಿ ಈ ಗೋಡೆಯಿಂದ ಆ ಗೋಡೆಗೆ ಕೈಕಾಲು ಬಡಿಯುತ್ತ ಹೋಗುತ್ತಿದ್ದರು. ಒಂದು ದಿನ ನನಗೆ ಚೂಡಿದಾರ ತಂದು ಕೊಟ್ಟರು. ಮದುವೆಯಾದ ಮೇಲೆ ಸೀರೆಯನ್ನು ಬಿಟ್ಟು ಬೇರೆ ಬಟ್ಟೆ ತೊಟ್ಟವಳಲ್ಲ ನಾನು. "ಸೀರಿ ಕಾಲಿಗೆ ಸುತ್ತಕೊಂತೈತಿ, ಇದನ್ನ ಹಾಕ್ಕೋ" ಎಂದರು. ಆ ದಿನ ನನ್ನ ಬೆನ್ನಿಗೆ ಡಬ್ಬಿ ಕಟ್ಟಿ, ಮೋಟರಿನ ಪೈಪಿಗೆ ಬಿಗಿದ ಹಗ್ಗವನ್ನು ನನ್ನ ಕೈಗೆ ಕೊಟ್ಟು, ಜೊತೆಗೆ ತಮ್ಮ ಕೈಯನ್ನೂ ಕೊಟ್ಟರು. ಆ ಕೈ ಮಂಜಿನಂತಿತ್ತು. ನಡುಗುತ್ತಿತ್ತು.

"ಅತ್ತಿ, ನಿಮಗೂ ಅಂಜಿಕಿ ಆಗತೈತೇನ್ರಿ?" ಎಂದೆ.

"ಮತ್ತ? ದಿನಾ ಆಗತೈತಿ. ಇಷ್ಟ ವರ್ಷ ದಂಡಿಮ್ಯಾಲ ನಿಂತ ನೋಡಿದಾಕಿ ನಾನು, ಅಂಜಿಕಿ ಎಲ್ಲಿ ಹೋದೀತು?" ಎಂದು ಸಿಡುಕಿದರು. ಆಮೇಲೆ ದನಿ ಇಳಿಸಿ, "ಅದನ್ನ ಮನ್ಯಾಗ ಬಿಟ್ಟ ಬರೂಣು ಅಂದರ ಅದು ಕೇಳಂಗಿಲ್ಲ. ಅದನ್ನೂ ಕರಕೊಂಡ ಇಳಿ" ಎಂದರು.

ನಾನು ಅದುವರೆಗೆ ತಿಳಿದದ್ದು ಬೇರೆ. ಧೈರ್ಯದವರಿಗೆ ಅಂಜಿಕೆ ಇರುವುದಿಲ್ಲ, ನನಗೆ ಇದೆ, ಆದ್ದರಿಂದ ನಾನು ಬೇರೆ ಜಾತಿಯ ಮನುಷ್ಯಳು ಎಂದುಕೊಂಡಿದ್ದೆ. ಆ ತಣ್ಣನೆಯ ಕೈ ಹಿಡಿದು ಕುತ್ತಿಗೆವರೆಗಿನ ನೀರಿಗೆ ಇಳಿದೆ. ಇಳಿದ ಮೇಲೆ ಅವರ ಕೈ ಬಿಟ್ಟು ಹಗ್ಗವನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಅತ್ತೆ, ಆಪಾ ಇಬ್ಬರೂ ಎಷ್ಟು ಹೇಳಿದರೂ ಬಿಡಲಿಲ್ಲ. ದಿನಗಳು ಹೀಗೆಯೇ ಹೋದವು. ಅವರು ಈಜುವುದು, ನಾನು ಹಗ್ಗಕ್ಕೆ ಜೋತುಬಿದ್ದಿರುವುದು.

ಇಲ್ಲಿ ನಮ್ಮ ಮನೆಯ ರೂಢಿಯೊಂದನ್ನು ಹೇಳಬೇಕು. ಗಂಡನ ಅಣ್ಣ, ಅಂದರೆ ಭಾವ, ಎದುರಿಗೆ ಬಂದರೆ ಸೊಸೆಯಂದಿರು ತಲೆಯ ಮೇಲೆ ಸೆರಗು ಹೊರುತ್ತಾರೆ. ನಾನೂ ಬಂದಾಗಿನಿಂದ ಹೊತ್ತಿದ್ದೆ. ಕೈಯಲ್ಲಿ ಹಿಟ್ಟಿರಲಿ, ಕಂಕುಳಲ್ಲಿ ಕೂಸಿರಲಿ, ಭಾವನ ಕೆಮ್ಮು ಕೇಳಿದರೆ ಸಾಕು, ಕೈ ತಾನೇ ತಲೆಗೆ ಹೋಗುತ್ತಿತ್ತು.

ಹೀಗಿರುವಾಗ ಒಂದು ದಿನ ಬಿಸಿಲು ಜೋರಾಗಿತ್ತು, ಬೇವಿನ ನೆರಳು ತಂಪಾಗಿತ್ತು, ಕಾವಲಿನ ಮಾವ ನಿದ್ದೆ ಹೋದರು. ಆಗಲೇ ತ್ರೀ ಫೇಸ್ ಕರೆಂಟು ಬಂದು, ಮೋಟರು ಚಾಲೂ ಮಾಡಲು ಭಾವ ಹೊಲಕ್ಕೆ ಬಂದರು. ಬಾವಿಯ ದಂಡೆಗೆ ಬಂದು "ಅಪ್ಪಾ! ಎಲ್ಲಿ ಅದೀರಿ?" ಎಂದು ಕೂಗಿದರು. ಕಲ್ಲಿನ ಬಾವಿಯಲ್ಲಿ ಆ ದನಿ ಗುಡುಗಿನ ಹಾಗೆ ಮೊಳಗಿತು. ನಾನು ಏನೂ ಯೋಚಿಸಲಿಲ್ಲ. ಎರಡೂ ಕೈ ಎತ್ತಿ ಸೆರಗು ಹೊರಲು ಹೋದೆ.

ಸೆರಗು ಎಲ್ಲಿತ್ತು? ತೊಟ್ಟದ್ದು ಚೂಡಿದಾರ. ಕೈ ಎರಡೂ ತಲೆಯ ಮೇಲೆ ಇಲ್ಲದ ಸೆರಗನ್ನು ಹುಡುಕುತ್ತಿದ್ದವು, ಹಗ್ಗ ಎಲ್ಲೋ ಹೋಗಿತ್ತು. ಬುಳುಕ್ಕನೆ ಮುಳುಗಿದೆ. ಕಿವಿಯಲ್ಲಿ ನೀರು, ಮೂಗಿನಲ್ಲಿ ನೀರು, ಕಣ್ಣು ಬಿಟ್ಟರೆ ಎಲ್ಲೆಲ್ಲೂ ಹಸಿರು. ಸತ್ತೆ ಎಂದುಕೊಂಡೆ. ಆದರೆ ಬೆನ್ನಿನ ಡಬ್ಬಿ ನನ್ನನ್ನು ಮೇಲಕ್ಕೆ ದಬ್ಬಿತು, ಕಾಲು ತಾನಾಗಿ ಬಡಿಯಿತು, ತಲೆ ಹೊರಗೆ ಬಂತು. ಉಸಿರು ಎಳೆದುಕೊಂಡೆ. ಮತ್ತೆ ಕಾಲು ಬಡಿದೆ. ಮುಳುಗಲಿಲ್ಲ.

ಭಾವ ಆಗಲೇ ನಾಚಿಕೆಯಿಂದ ಕಬ್ಬಿನೊಳಗೆ ಓಡಿ ಮರೆಯಾಗಿದ್ದರು. ನನ್ನನ್ನು ಹಿಡಿಯಲು ಬಂದ ಅತ್ತೆ ಅರ್ಧ ದಾರಿಯಲ್ಲೇ ನಿಂತು ನಗತೊಡಗಿದರು. ಹಲ್ಲಿಲ್ಲದ ಬಾಯಿ ತೆರೆದು, ನೀರು ಕುಡಿಯುತ್ತ, ಕೆಮ್ಮುತ್ತ ನಕ್ಕರು. ಆಪಾ ಮೆಟ್ಟಿಲ ಮೇಲೆ ಕೂತು "ಯಾ ಅಲ್ಲಾ" ಎಂದು ಹೊಟ್ಟೆ ಹಿಡಿದುಕೊಂಡರು. ಗದ್ದಲಕ್ಕೆ ಎಚ್ಚರಾದ ಮಾವ ಮೇಲಿನಿಂದ "ಏನಾತ? ಏನಾತ?" ಎಂದು ಬೊಬ್ಬೆ ಹೊಡೆದರು.

"ಏನೂ ಆಗಿಲ್ರಿ! ನಿಮ್ಮ ಸೊಸಿ ನೀರಾಗ ಸೆರಗ ಹೊತ್ಕೊಂಡ್ಲು!" ಎಂದು ಅತ್ತೆ ಕೂಗಿದರು. ಆಮೇಲೆ ನನ್ನ ಕಡೆ ತಿರುಗಿ, "ಹಗ್ಗ ಎಲ್ಲೈತಿ ನೋಡ ಬೇ" ಎಂದರು.

ನೋಡಿದೆ. ಹಗ್ಗ ಒಂದು ಮಾರು ದೂರದಲ್ಲಿ ಪೈಪಿಗೆ ನೇತಾಡುತ್ತಿತ್ತು. ನಾನು ನಡುನೀರಿನಲ್ಲಿದ್ದೆ. ನನಗೂ ನಗು ಬಂತು, ಆಮೇಲೆ ಅಳುವೂ ಬಂತು. ಬಾವಿಯಲ್ಲಿ ಅತ್ತರೆ ಒಂದು ಅನುಕೂಲ, ಯಾರಿಗೂ ಗೊತ್ತಾಗುವುದಿಲ್ಲ.

ಅಂದು ರಾತ್ರಿಯ ಊಟಕ್ಕೆ ಎಲ್ಲರೂ ಕೂತಾಗ ಅತ್ತೆ ರೊಟ್ಟಿ ಹಾಕುತ್ತಲೇ ಭಾವನಿಗೆ, "ಇನ್ನ ಈಕಿ ನಿನ್ನ ಮುಂದ ಸೆರಗ ಹೊರಂಗಿಲ್ಲಪಾ. ಅದರ ಸಲುವಾಗಿ ಇವತ್ತ ಜೀವಾ ಬಿಡಾಕಿದ್ಲು" ಎಂದರು. ಪಾಪ, ಭಾವ ತಟ್ಟೆಯಿಂದ ತಲೆಯೆತ್ತಲಿಲ್ಲ. "ನಾ ಯಾವತ್ತ ಹೊರು ಅಂದೇನಿ? ಅವರ ಹೊರತಾರಂತ ನಾನೂ ಸುಮ್ಮಕಿದ್ದೆ" ಎಂದು ಗೊಣಗಿದರು. ನಾನು ದಂಗಾಗಿ ಹೋದೆ. ಅಷ್ಟು ವರ್ಷ ಒಬ್ಬರೂ ಕೇಳದ ಮರ್ಯಾದೆಯನ್ನು ನಾನು ಹೊತ್ತುಕೊಂಡು ತಿರುಗಿದ್ದೆ.

ಆ ಬೇಸಿಗೆ ಮುಗಿಯುವುದರೊಳಗೆ ಡಬ್ಬಿ ಬಿಚ್ಚಿ ಈಜಿದೆ. ಓಣಿಯ ಬೇರೆ ಹೆಂಗಸರೂ ಒಬ್ಬೊಬ್ಬರಾಗಿ ಬಂದರು. ಮಧ್ಯಾಹ್ನದ ಹೊತ್ತು ಆ ಬಾವಿಯ ಕಡೆ ಗಂಡಸರು ಸುಳಿಯಬಾರದು ಎಂಬುದು ಯಾರೂ ಬರೆಯದ ಕಾನೂನಾಯಿತು. "ಇನ್ನ ಹೊಳ್ಯಾಗ ಈಜತೀರೇನ್ರಿ ಅಕ್ಕಾ?" ಎಂದು ಯಾರೋ ಅತ್ತೆಯನ್ನು ಕೆಣಕಿದಾಗ, "ಅಲ್ಲಿ ಮೊಸಳಿ ಅದಾವ. ಹೊಸದು ನೋಡಬೇಕು ಖರೆ, ಆದರ ಮೊಸಳಿ ಹೊಟ್ಟಿ ಒಳಗಿಂದು ನೋಡೂದ ಬ್ಯಾಡ" ಎಂದರು.

ನಾನೂ ಬದಲಾದೆ. ಕಂಡಕ್ಟರನ ಹತ್ತಿರ ಚಿಲ್ಲರೆ ಕೇಳಿ ಪಡೆದೆ. ರಾಯಬಾಗದಲ್ಲಿ ನಡೆದ ಹೊಲಿಗೆ ತರಬೇತಿಗೆ ಒಬ್ಬಳೇ ಹೋಗಿ ಬಂದೆ, ಅಲ್ಲಿ ಎದ್ದು ನಿಂತು ನಾಲ್ಕು ಮಾತು ಹೇಳಿದೆ. ಮಾತಾಡುವ ಮೊದಲು ಅಂಜಿಕೆ ಬಂತು. ಇರಲಿ, ಬಂದಿದೆ, ಇದೂ ಕೂತು ಕೇಳಲಿ ಎಂದುಕೊಂಡು ಮಾತಾಡಿದೆ.

ಕೆಲವು ವರ್ಷ ಬಿಟ್ಟು ಮತ್ತೆ ಹೊಳೆ ಊರಿಗೆ ಬಂತು. ಓಣಿಗೆ ದೋಣಿ ಬಂದಾಗ ನಾನು ಎಲ್ಲರಿಗಿಂತ ಮೊದಲು ಹತ್ತಿ ಅತ್ತೆಯತ್ತ ಕೈ ಚಾಚಿದೆ. ಆಗ ಅವರ ಮೊಣಕಾಲು ನೋಯುತ್ತಿತ್ತು. ನನ್ನ ಕೈಯನ್ನೂ ಮುಖವನ್ನೂ ಒಮ್ಮೆ ನೋಡಿ, ಕೈ ಹಿಡಿದು ಹತ್ತಿ ಕೂತರು. ದೋಣಿಯ ಹುಡುಗ ನನಗೆ ತೇಲುವ ಜಾಕೀಟು ಕೊಡಲು ಬಂದ. "ಈಕಿಗೆ ಬ್ಯಾಡಪಾ, ಬ್ಯಾರೇದವರಿಗೆ ಕೊಡು. ಈಕಿ ನನ್ನ ಸೊಸಿ, ಈಜಾಕ ಬರ್ತೈತಿ ಈಕಿಗೆ" ಎಂದು ಅತ್ತೆ ಇಡೀ ದೋಣಿಗೆ ಕೇಳುವಂತೆ ಹೇಳಿದರು. "ಆಯೀ, ಸಾಹೇಬರು ಬೈತಾರ, ಎಲ್ಲಾರೂ ಹಾಕ್ಕೋಬೇಕ್ರಿ" ಎಂದ ಹುಡುಗ. ಹಾಕಿಕೊಂಡೆ. ಅತ್ತೆ ಮಾತ್ರ ದಾರಿಯುದ್ದಕ್ಕೂ ಎದುರಿಗೆ ಸಿಕ್ಕವರಿಗೆಲ್ಲ ಅದು ನನಗೆ ಯಾಕೆ ಬೇಕಾಗಿರಲಿಲ್ಲ ಎಂಬುದನ್ನು ವಿವರಿಸುತ್ತ ಬಂದರು. ನನ್ನ ಜನ್ಮದಲ್ಲಿ ನನ್ನನ್ನು ಯಾರೂ ಅಷ್ಟು ಹೊಗಳಿಲ್ಲ.

ಅವರು ಹೋದದ್ದು ಮುಂದಿನ ಚಳಿಗಾಲದಲ್ಲಿ. ಬೆಳಗಿನ ಚಹಾ ಕುಡಿದು, ಬಿಸಿಲಿಗೆ ಕೂತವರು ಹಾಗೆಯೇ ಗೋಡೆಗೆ ಒರಗಿದರು. ನೋವಿಲ್ಲ, ನರಳಾಟವಿಲ್ಲ. ಮಾವ ಬಹಳ ದಿನ ಮಾತು ಬಿಟ್ಟಿದ್ದರು. ಬೇಸಿಗೆ ಬಂದರೂ ಬಾವಿಯ ಕಡೆ ಯಾವ ಹೆಂಗಸೂ ಹೋಗಲಿಲ್ಲ. ಅವರಿಲ್ಲದೆ ಅಲ್ಲಿ ಏನು ಮಾಡುವುದು ಎಂದು ನನಗೂ ತೋಚಲಿಲ್ಲ.

ಒಂದು ಮಧ್ಯಾಹ್ನ ಆಪಾ ತಮ್ಮ ಹೊಸ ಸೊಸೆಯನ್ನು ಕರೆದುಕೊಂಡು ಬಂದರು. ನಿಪ್ಪಾಣಿಯ ಪೇಟೆಯ ಹುಡುಗಿ, ಹೊಳೆ ನೋಡಿದರೆ ಬೆವರುತ್ತಾಳಂತೆ. "ನನಗ ಮೊಣಕಾಲ ಹಿಡದಾವ ಬೇಟಾ, ನೀನ ಕಲಸು" ಎಂದರು ಆಪಾ. ನನಗೆ ಕಲಿಸಲು ಬರುತ್ತದೆಯೇ? ಗೊತ್ತಿರಲಿಲ್ಲ. ಆದರೂ ಮಾವನಿಗೆ ಹೇಳಿದೆ. ಅವರು ಎದ್ದು ಹೋಗಿ ಬೇವಿನ ಮರದಡಿ ಕೂತರು.

ನಾನು ಮೊದಲು ಇಳಿದು, ಎದೆಮಟ್ಟದ ನೀರಿನಲ್ಲಿ ನಿಂತು ಕೈ ಚಾಚಿದೆ. ಹುಡುಗಿ ಮೆಟ್ಟಿಲ ಮೇಲೆ ನಿಂತು ನನ್ನ ಬೆರಳು ಹಿಡಿದಳು. ಹಿಡಿದವಳು ಬೆಚ್ಚಿ ನನ್ನ ಮುಖ ನೋಡಿದಳು.

"ಅಕ್ಕಾ, ನಿಮ್ಮ ಕೈನೂ ನಡಗಾಕತ್ತೈತಲ್ರಿ!"

"ಹೌದ ತಂಗಿ" ಎಂದೆ.

ಅವಳ ಮುಖ ಸಡಿಲಾಯಿತು. "ಹಂಗಾದರ ನಡೀತೈತ್ರಿ" ಎಂದು ನಗುತ್ತ, ನನ್ನ ಕೈ ಬಿಡದೆ ನೀರಿಗೆ ಇಳಿದಳು.